ಲಿಸ್ಬನ್‌ನಿಂದ ಹೆಲ್ಸಿಂಕಿಗೆ ಹೋಗೋಕೆ ಆರೂವರೆ ತಾಸು, ಬರೋಕೆ ಮೂರೇ ತಾಸು: ಇದು ಹೆಂಗೆ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ವಿಮಾನದ ಪ್ರಶ್ನೆಗಳೇ ಜಾಸ್ತಿ ಬಂದಿವೆ. ದಾವಣಗೆರೆಯ ಒಬ್ಬ ತಾಯಿ ಬರೆದ ಪತ್ರ ಓದಿದ ಮೇಲೆ ಬೇರೆ ಪತ್ರಗಳಲ್ಲೂ ಅದಕ್ಕೆ ಹೊಂದೋವನ್ನೇ ಆರಿಸ್ಕೊಂಡೆ. ಇಪ್ಪತ್ತು ವರ್ಷ ಟಿಕೆಟ್ ಬುಕಿಂಗ್ ಅಂಗಡಿ ನಡೆಸಿದವನು ನಾನು. ಮಕ್ಕಳು ದೂರ ದೇಶದಲ್ಲಿರೋ ಅಪ್ಪ ಅಮ್ಮಂದಿರು ಕೌಂಟರ್ ಮುಂದೆ ನಿಂತು ಟಿಕೆಟ್ ಪ್ರಿಂಟನ್ನ ತಿರುಗಿಸಿ ಮುರುಗಿಸಿ ನೋಡೋದನ್ನ ದಿನಾ ಕಂಡಿದೀನಿ, ಹಂಗಾಗಿ ಈ ಪ್ರಶ್ನೆಗೆ ಸ್ವಲ್ಪ ಉದ್ದವಾಗೇ ಉತ್ತರ ಕೊಡ್ತೀನಿ.

ಪ್ರಶ್ನೆ: ಸರ್ ನಮಸ್ಕಾರ. ನಾವು ದಾವಣಗೆರೆ ವಿದ್ಯಾನಗರದವರು. ಮಗಳು ಅಳಿಯ ಪೋರ್ಚುಗಲ್‌ನ ಲಿಸ್ಬನ್‌ನಲ್ಲಿದಾರೆ, ಮಗ ಫಿನ್ಲೆಂಡ್‌ನ ಹೆಲ್ಸಿಂಕಿಯಲ್ಲಿ ಓದ್ತಿದಾನೆ. ಜೂನ್‌ನಲ್ಲಿ ಮಗಳ ಮನೆಗೆ ಹೋಗಿ, ಅಲ್ಲಿಂದ ನಾನೊಬ್ಬಳೇ ಮಗನ ಹತ್ರ ಹೋಗಿ ಹದಿನೈದು ದಿನ ಇದ್ದು ಬರಬೇಕು ಅಂತ ಐತೆ. ಮಗಳು ಕಳ್ಸಿರೋ ಟಿಕೆಟ್ ನೋಡಿದ್ರೆ ಹೋಗೋವಾಗ ಬೆಳಗ್ಗೆ 11ಕ್ಕೆ ಹೊರಟು ಸಂಜೆ 5.30ಕ್ಕೆ ಮುಟ್ಟುತ್ತೆ ಅಂತಿದೆ, ಅಂದ್ರೆ ಆರೂವರೆ ತಾಸು. ಬರೋವಾಗ ಬೆಳಗ್ಗೆ 7.30ಕ್ಕೆ ಹೊರಟು 10.30ಕ್ಕೆ ಮುಟ್ಟುತ್ತಂತೆ, ಮೂರೇ ತಾಸು. ಎರಡೂ ಒಂದೇ ದಾರಿ, ಎರಡೂ ನಡುವೆ ಎಲ್ಲೂ ನಿಲ್ಲದ ವಿಮಾನ. ಏನೋ ತಪ್ಪು ಬುಕ್ ಆಗಿದೆಯಾ? ಅಷ್ಟಕ್ಕೂ ಈ ಎರಡೂರಿಗೆ ದೂರ ಎಷ್ಟು? ಬಿಪಿ ಮಾತ್ರೆ ಟೈಮಿಗೆ ಸರಿಯಾಗಿ ತಗೋಬೇಕು, ಅದಕ್ಕೇ ಕೇಳ್ತಿದೀನಿ.

ಉತ್ತರ: ಅಮ್ಮಾ, ಟಿಕೆಟ್ ಸರಿಯಾಗೇ ಇದೆ, ಏನೂ ತಪ್ಪಾಗಿಲ್ಲ. ಹೋಗೋವಾಗ ನೀವು ವಿಮಾನದಲ್ಲಿ ಕೂರೋದು ನಾಲ್ಕೂವರೆ ತಾಸು, ಬರೋವಾಗ ಐದು ತಾಸು. ಅಂದ್ರೆ ಬೇಗ ಮುಟ್ಟುತ್ತೆ ಅಂತ ನಿಮಗೆ ಕಂಡ ವಿಮಾನವೇ ನಿಜವಾಗ್ಲೂ ಜಾಸ್ತಿ ಹೊತ್ತು ತಗೊಳ್ಳೋದು.

ನಮ್ಮ ಕಡೆ ಮಾತಲ್ಲಿ ಎರಡು ಪದ ಇವೆಯಲ್ಲ, ಗಂಟೆ ಅಂತ ಒಂದು, ತಾಸು ಅಂತ ಒಂದು. ಎಷ್ಟು ಗಂಟೆಗೆ ಬಸ್ಸು ಅಂತೀವಿ, ಎಷ್ಟು ತಾಸು ದಾರಿ ಅಂತೀವಿ. ಗಡಿಯಾರ ತೋರ್ಸೋದು ಗಂಟೆ, ನಾವು ಕಳೆಯೋದು ತಾಸು. ಟಿಕೆಟ್‌ನಲ್ಲಿ ಅಚ್ಚಾಗಿರೋದು ಬರೀ ಗಂಟೆ, ಅದೂ ಆಯಾ ಊರಿನ ಗಡಿಯಾರದ ಗಂಟೆ: ಹೊರಡೋದು ಲಿಸ್ಬನ್ ಗಡಿಯಾರದಲ್ಲಿ, ಇಳಿಯೋದು ಹೆಲ್ಸಿಂಕಿ ಗಡಿಯಾರದಲ್ಲಿ. ಆ ಎರಡು ಗಡಿಯಾರಕ್ಕೆ ವರ್ಷವಿಡೀ ಎರಡು ತಾಸಿನ ವ್ಯತ್ಯಾಸ ಇದೆ, ಹೆಲ್ಸಿಂಕಿ ಮುಂದೆ, ಲಿಸ್ಬನ್ ಹಿಂದೆ. ದಾವಣಗೆರೆಯಿಂದ ಡೆಲ್ಲಿಗೆ ಹೋದ್ರೂ ಗಡಿಯಾರ ಮುಟ್ಟೋ ಕೆಲಸ ಇಲ್ಲ, ಇಡೀ ದೇಶಕ್ಕೆ ಒಂದೇ ಟೈಮು, ಅದಕ್ಕೇ ನಮಗೆ ಒಂದನ್ನ ಇನ್ನೊಂದರಿಂದ ಕಳೆದ್ರೆ ಆಯ್ತು ಅನ್ನೋ ಅಭ್ಯಾಸ. ಯುರೋಪ್‌ನಲ್ಲಿ ಅದು ನಡೆಯಲ್ಲ.

ಸುಲಭದ ದಾರಿ ಒಂದು ಹೇಳ್ತೀನಿ. ಎರಡೂ ಟೈಮನ್ನ ನಮ್ಮ ದಾವಣಗೆರೆ ಗಡಿಯಾರಕ್ಕೆ ತಂದು ಆಮೇಲೆ ಕಳೀರಿ. ಜೂನ್‌ನಲ್ಲಿ ಲಿಸ್ಬನ್ ನಮಗಿಂತ ನಾಲ್ಕೂವರೆ ತಾಸು ಹಿಂದೆ, ಹೆಲ್ಸಿಂಕಿ ಎರಡೂವರೆ ತಾಸು ಹಿಂದೆ. ಹಂಗಾದ್ರೆ ನೀವು ಹೊರಡೋ 11 ಗಂಟೆ ನಮಗೆ ಮಧ್ಯಾಹ್ನ 3.30, ಇಳಿಯೋ ಸಂಜೆ 5.30 ನಮಗೆ ರಾತ್ರಿ 8. ಕಳೆದ್ರೆ ನಾಲ್ಕೂವರೆ ತಾಸು. ಬರೋವಾಗ ಹೆಲ್ಸಿಂಕಿ 7.30 ಅಂದ್ರೆ ನಮಗೆ ಬೆಳಗ್ಗೆ 10, ಲಿಸ್ಬನ್ 10.30 ಅಂದ್ರೆ ನಮಗೆ ಮಧ್ಯಾಹ್ನ 3, ಐದು ತಾಸು. ಮನೆಯವ್ರು ದಾವಣಗೆರೆಯಲ್ಲೇ ಇರ್ತಾರಲ್ಲ, ಅವರಿಗೂ ಈ ನಾಲ್ಕು ಟೈಮನ್ನ ಒಂದು ಚೀಟಿಯಲ್ಲಿ ಬರ್ದು ಕ್ಯಾಲೆಂಡರ್ ಪಕ್ಕ ಅಂಟಿಸಿ ಹೋಗ್ರಿ. ಇದನ್ನ ಯಾಕೆ ಒತ್ತಿ ಹೇಳ್ತೀನಿ ಅಂದ್ರೆ, ನಮ್ಮ ಅತ್ತಿಗೆ ಮೊದಲ ಸಲ ಯುರೋಪ್‌ಗೆ ಹೋದಾಗ ನಾನೇ ಅವಸರದಲ್ಲಿ ಲೋಕಲ್ ಟೈಮನ್ನ ಹಂಗೇ ಕಳೆದು ಅಣ್ಣನಿಗೆ ಇಷ್ಟೊತ್ತಿಗೆ ಇಳೀತಾರೆ ಅಂತ ಹೇಳಿಬಿಟ್ಟಿದ್ದೆ, ಆ ಹೊತ್ತು ದಾಟಿ ಎರಡು ತಾಸಾದ್ರೂ ಫೋನ್ ಬರ್ಲಿಲ್ಲ, ಅಣ್ಣ ಊಟ ಬಿಟ್ಟು ಫೋನ್ ಹಿಡ್ಕೊಂಡು ಜಗುಲಿ ಮೇಲೆ ಕೂತಿದ್ದು ನನಗಿನ್ನೂ ಮನಸ್ಸಿಂದ ಹೋಗಿಲ್ಲ.

ಇನ್ನೊಂದು ವಿಷಯ. ಅಲ್ಲಿ ವರ್ಷಕ್ಕೆ ಎರಡು ಸಲ ಗಡಿಯಾರ ತಿದ್ದುತಾರೆ, ಮಾರ್ಚ್ ಕೊನೇ ಭಾನುವಾರ ಒಂದು ತಾಸು ಮುಂದಕ್ಕೆ, ಅಕ್ಟೋಬರ್ ಕೊನೇ ಭಾನುವಾರ ಒಂದು ತಾಸು ಹಿಂದಕ್ಕೆ. ಹಂಗಾಗಿ ಚಳಿಗಾಲದಲ್ಲಿ ಲಿಸ್ಬನ್ ನಮಗಿಂತ ಐದೂವರೆ ತಾಸು ಹಿಂದೆ, ಹೆಲ್ಸಿಂಕಿ ಮೂರೂವರೆ ತಾಸು ಹಿಂದೆ ಇರುತ್ತೆ. ಪಕ್ಕದ ಸ್ಪೇನ್‌ಗೂ ಪೋರ್ಚುಗಲ್‌ಗೂ ಒಂದು ತಾಸು ಫರಕು, ಗಡಿ ದಾಟಿದ್ರೆ ಗಡಿಯಾರ ತಿರುಗಿಸ್ಬೇಕು. 1992ರಲ್ಲಿ ಪೋರ್ಚುಗಲ್‌ನವರು ನಾವೂ ಮಧ್ಯ ಯುರೋಪ್ ಟೈಮಿಗೇ ಬರ್ತೀವಿ ಅಂತ ಬದಲಾಯಿಸ್ಕೊಂಡಿದ್ರು, ಆದ್ರೆ ಅವರದ್ದು ಯುರೋಪ್‌ನ ಪಶ್ಚಿಮದ ತುದಿ, ಚಳಿಗಾಲದಲ್ಲಿ ಮಕ್ಕಳು ಕತ್ತಲಲ್ಲಿ ಸ್ಕೂಲಿಗೆ ಹೋಗೋ ಹಂಗಾಯ್ತು, 1996ರಲ್ಲಿ ಮತ್ತೆ ಹಳೇ ಟೈಮಿಗೇ ಬಂದ್ರು.

ಈಗ ದೂರ. ಲಿಸ್ಬನ್ ಏರ್‌ಪೋರ್ಟ್‌ನಿಂದ ಹೆಲ್ಸಿಂಕಿ ಏರ್‌ಪೋರ್ಟ್‌ಗೆ ಆಕಾಶದ ನೇರ ದಾರಿಯಲ್ಲಿ ಸುಮಾರು 3,365 ಕಿಲೋಮೀಟರ್. ಪೈಲಟ್‌ಗಳ ಲೆಕ್ಕದಲ್ಲಿ ಸುಮಾರು 1,815 ನಾಟಿಕಲ್ ಮೈಲಿ. ನಮಗೆ ಅಂದಾಜು ಸಿಗಬೇಕಂದ್ರೆ, ಇಡೀ ಭಾರತದ ಉತ್ತರ ದಕ್ಷಿಣ ಉದ್ದ 3,214 ಕಿಲೋಮೀಟರ್ ಅಂತ ಸ್ಕೂಲಲ್ಲಿ ಓದಿದೀವಲ್ಲ, ಅದಕ್ಕಿಂತ ಇದು ಇನ್ನೂ 150 ಕಿಲೋಮೀಟರ್ ಜಾಸ್ತಿ. ಯುರೋಪ್ ಅಂದ್ರೆ ಸಣ್ಣದು, ಮಗನ ಮನೆ ಮಗಳ ಮನೆ ಪಕ್ಕಪಕ್ಕ ಅಂತ ಇಲ್ಲಿ ನೆಂಟ್ರು ಹೇಳ್ತಿರ್ತಾರೆ, ಅವರಿಗೆ ಈ ಲೆಕ್ಕ ಹೇಳ್ರಿ.

ದೂರ ಗೊತ್ತಾದ್ಮೇಲೆ ನೀವು ಇನ್ನೊಂದು ಕೇಳ್ಬಹುದು. ವಿಮಾನ ಮೇಲೆ ತಾಸಿಗೆ ಸುಮಾರು 830 ಕಿಲೋಮೀಟರ್ ಹೋಗುತ್ತೆ, 3,365ನ್ನ ಅದರಿಂದ ಭಾಗ್ಸಿದ್ರೆ ನಾಲ್ಕು ತಾಸು ಮೂರು ನಿಮಿಷ ಬರುತ್ತೆ, ಟಿಕೆಟ್‌ನಲ್ಲಿ ನಾಲ್ಕೂವರೆ ಯಾಕೆ? ಯಾಕಂದ್ರೆ ಟಿಕೆಟ್‌ನಲ್ಲಿರೋದು ಹಾರೋ ಹೊತ್ತಲ್ಲ, ಗೇಟ್‌ನಿಂದ ಗೇಟ್‌ವರೆಗಿನ ಹೊತ್ತು. ಅದಕ್ಕೆ ಬ್ಲಾಕ್ ಟೈಮ್ ಅಂತಾರೆ. ಘಾಟ್‌ನಲ್ಲಿ ಲಾರಿ ನಿಂತ್ರೆ ಕ್ಲೀನರ್ ಇಳಿದು ಚಕ್ರಕ್ಕೆ ಕಲ್ಲು ಕೊಡ್ತಾನಲ್ಲ, ವಿಮಾನ ನಿಂತಾಗಲೂ ಚಕ್ರಕ್ಕೆ ಹಂಗೇ ದಿಮ್ಮಿ ಕೊಡ್ತಾರೆ. ಇಲ್ಲಿ ಆ ದಿಮ್ಮಿ ತೆಗೆದು ವಿಮಾನ ಅಲುಗಿದ ಹೊತ್ತಿಂದ ಅಲ್ಲಿ ಮತ್ತೆ ದಿಮ್ಮಿ ಕೊಡೋ ಹೊತ್ತಿನವರೆಗೆ ಒಂದೇ ಲೆಕ್ಕ. ಅದರಲ್ಲಿ ರನ್‌ವೇವರೆಗೆ ಉರುಳೋದು, ಮುಂದಿರೋ ವಿಮಾನಗಳ ಹಿಂದೆ ಸಾಲಲ್ಲಿ ಕಾಯೋದು, ನಿಧಾನಕ್ಕೆ ಹತ್ತುತಾ ಸ್ಪೀಡ್ ಹಿಡಿಯೋದು, ಕೊನೆಗೆ ಸ್ಪೀಡ್ ಇಳ್ಸಿ ಸುತ್ತು ಹಾಕಿ ಬರೋದು ಎಲ್ಲಾ ಸೇರುತ್ತೆ. ಲಿಸ್ಬನ್ ಏರ್‌ಪೋರ್ಟ್ ಊರೊಳಗೇ ಇರೋದು, ಜಾಗ ಕಮ್ಮಿ, ವಿಮಾನ ಜಾಸ್ತಿ, ಅಲ್ಲಿ ಸಾಲಲ್ಲಿ ಕಾಯೋದು ಇದ್ದದ್ದೇ. ಚಳಿಗಾಲದಲ್ಲಾದ್ರೆ ಹೆಲ್ಸಿಂಕಿಯಲ್ಲಿ ರೆಕ್ಕೆ ಮೇಲೆ ಕೂತ ಹಿಮ ಕರಗಿಸೋಕೆ ಬಿಸಿ ದ್ರಾವಣ ಹೊಡೀತಾರೆ, ಅದಕ್ಕೂ ಹೊತ್ತು ಹಿಡಿಯುತ್ತೆ, ಜೂನ್‌ನಲ್ಲಿ ನಿಮಗೆ ಆ ಕಾಟ ಇಲ್ಲ.

ಮಾತ್ರೆ ವಿಷಯ ನಿಮ್ಮ ಡಾಕ್ಟರ್‌ನ ಕೇಳೇ ಹೋಗ್ರಿ. ಕೇಳೋವಾಗ ಬರೀ ವಿದೇಶಕ್ಕೆ ಹೋಗ್ತೀನಿ ಅನ್ನಬ್ಯಾಡ್ರಿ, ಮೊದಲು ನಾಲ್ಕೂವರೆ ತಾಸಿನ ಫರಕು, ಆಮೇಲೆ ಅದು ಎರಡೂವರೆ ತಾಸಿಗೆ ಇಳಿಯುತ್ತೆ ಅಂತ ಈ ಲೆಕ್ಕಾನೇ ಹೇಳ್ರಿ, ಆಗ ಅವರಿಗೂ ಯಾವ ಹೊತ್ತಿಗೆ ತಗೋಬೇಕು ಅಂತ ಬರ್ಕೊಡೋಕೆ ಸುಲಭ. ಮಾತ್ರೆ ಪಟ್ಟಿ ಕೈಚೀಲದಲ್ಲೇ ಇರ್ಲಿ, ದೊಡ್ಡ ಬ್ಯಾಗಲ್ಲಿ ಬ್ಯಾಡ.

ಪ್ರಶ್ನೆ: ಸಾರ್, ಚಿತ್ರದುರ್ಗದಿಂದ ಬರೀತಿದೀನಿ. ಪೂರ್ವಕ್ಕೆ ಹೋಗೋ ವಿಮಾನ ಬೇಗ ಮುಟ್ಟುತ್ತೆ, ಪಶ್ಚಿಮಕ್ಕೆ ಬರೋದು ತಡ ಅಂತ ಕೇಳಿದೀನಿ. ಭೂಮಿ ತಿರುಗೋದ್ರಿಂದ ಹಂಗಾಗುತ್ತೆ ಅಂತ ನನ್ನ ಗೆಳೆಯ ವಾದ ಮಾಡ್ತಾನೆ. ನನಗೆ ಲೆಕ್ಕ ಉಲ್ಟಾ ಅನ್ಸುತ್ತೆ, ಭೂಮಿ ಪೂರ್ವಕ್ಕೆ ತಿರುಗೋದಾದ್ರೆ ಊರೇ ಮುಂದೆ ಓಡ್ತಿರುತ್ತಲ್ಲ, ಪೂರ್ವಕ್ಕೆ ಹೋಗೋದು ತಡ ಆಗ್ಬೇಕಲ್ವಾ?

ಉತ್ತರ: ನೀವು ಹಿಡಿದ ಎಳೆ ಸರಿಯಾಗಿದೆ. ನಮ್ಮ ಚಿತ್ರದುರ್ಗ ಇರೋ ಜಾಗದಲ್ಲಿ ನೆಲ ತಾಸಿಗೆ 1,600 ಕಿಲೋಮೀಟರ್‌ಗಿಂತ ಜಾಸ್ತಿ ವೇಗದಲ್ಲಿ ಪೂರ್ವಕ್ಕೆ ಸಾಗ್ತಿದೆ, ಸಮಭಾಜಕ ವೃತ್ತದಲ್ಲಿ 1,670. ವಿಮಾನದ ವೇಗ ಅದರ ಅರ್ಧ. ಭೂಮಿ ವಿಮಾನನ ಬಿಟ್ಟು ತಿರುಗೋದಾಗಿದ್ರೆ ಪೂರ್ವಕ್ಕೆ ಹೊರಟ ವಿಮಾನ ಯಾವತ್ತೂ ಊರು ಮುಟ್ತಿರ್ಲಿಲ್ಲ. ಕೋಟೆ ಮೇಲೆ ಒಂದು ಹೆಲಿಕಾಪ್ಟರ್ ಒಂದು ತಾಸು ಸುಮ್ನೆ ನಿಂತು ಇಳಿದ್ರೆ ಅರಬ್ಬೀ ಸಮುದ್ರದಲ್ಲಿ ಇಳೀಬೇಕಿತ್ತು. ಹಂಗಾಗಲ್ಲ, ಯಾಕಂದ್ರೆ ನೆಲದ ಜೊತೆ ಗಾಳಿನೂ ತಿರುಗುತ್ತೆ, ಗಾಳಿ ಒಳಗಿರೋ ವಿಮಾನನೂ ತಿರುಗುತ್ತೆ. ಓಡೋ ಬಸ್ಸೊಳಗೆ ಚಿಲ್ರೆ ಕಾಸು ಮೇಲಕ್ಕೆ ಚಿಮ್ಮಿಸಿದ್ರೆ ಅದು ವಾಪಸ್ ನಿಮ್ಮ ಅಂಗೈಗೇ ಬೀಳುತ್ತಲ್ಲ, ಹಿಂದಿನ ಸೀಟಿಗೆ ಹೋಗಲ್ಲ, ಅದೇ ಲೆಕ್ಕ.

ವ್ಯತ್ಯಾಸ ಮಾಡೋದು ಗಾಳಿ. ಒಂಬತ್ತರಿಂದ ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ, ವಿಮಾನ ಹಾರೋ ಆ ಮಟ್ಟದಲ್ಲೇ, ಯುರೋಪ್ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಹರಿಯೋ ಗಾಳಿಯ ಹೊಳೆ ಇದೆ, ಜೆಟ್ ಸ್ಟ್ರೀಮ್ ಅಂತ ಹೆಸರು. ತಾಸಿಗೆ ನೂರು, ಇನ್ನೂರು ಕಿಲೋಮೀಟರ್ ವೇಗ ಅದಕ್ಕೆ ದೊಡ್ಡದಲ್ಲ, ಚಳಿಗಾಲದಲ್ಲಿ ಇನ್ನೂ ಜೋರು. ಗಾಳಿ ವಿಷಯ ಚಿತ್ರದುರ್ಗದವರಿಗೆ ಬಿಡಿಸಿ ಹೇಳ್ಬೇಕಾ, ಜೋಗಿಮಟ್ಟಿ ಗುಡ್ಡದ ಮೇಲೆ ಆ ದೊಡ್ಡ ಫ್ಯಾನುಗಳು ತಿರುಗೋದು ಮನೆ ಮಾಳಿಗೆ ಮೇಲಿಂದ್ಲೇ ಕಾಣುತ್ತೆ. ಆಷಾಢದಲ್ಲಿ ಎದುರುಗಾಳಿಗೆ ಸೈಕಲ್ ತುಳಿದವರಿಗೆ ಗೊತ್ತು, ಕಾಲು ಅಷ್ಟೇ ತುಳಿಯುತ್ತೆ, ಆದ್ರೆ ದಾರಿ ಸಾಗಲ್ಲ, ವಾಪಸ್ ಬರೋವಾಗ ಪೆಡಲ್ ಮೇಲೆ ಕಾಲಿಟ್ರೆ ಸಾಕು, ಗಾಳಿನೇ ನೂಕುತ್ತೆ.

ಮೇಲೆ ಆ ತಾಯಿ ಕೇಳಿದ ಲಿಸ್ಬನ್ ಹೆಲ್ಸಿಂಕಿ ದಾರಿಗೇ ಲೆಕ್ಕ ಹಾಕಿ ನೋಡ್ರಿ. ಗಾಳಿ ತಾಸಿಗೆ ಬರೀ 50 ಕಿಲೋಮೀಟರ್ ಹಿಂದಿನಿಂದ ನೂಕಿದ್ರೆ ನೆಲದ ಮೇಲಿನ ವೇಗ 880, ಮೂರು ತಾಸು 49 ನಿಮಿಷದಲ್ಲಿ ದೂರ ಮುಗಿಯುತ್ತೆ. ಅದೇ ಗಾಳಿ ಎದುರಾದ್ರೆ ವೇಗ 780, ನಾಲ್ಕು ತಾಸು 19 ನಿಮಿಷ. ಸರಿಯಾಗಿ ಅರ್ಧ ತಾಸಿನ ಫರಕು, ಅವರ ಟಿಕೆಟ್‌ನಲ್ಲೂ ಅಷ್ಟೇ ಇದೆ. 2020ರ ಫೆಬ್ರವರಿಯಲ್ಲಿ ಅಟ್ಲಾಂಟಿಕ್ ಮೇಲೆ ದೊಡ್ಡ ಬಿರುಗಾಳಿ ಎದ್ದಾಗ ನ್ಯೂಯಾರ್ಕ್‌ನಿಂದ ಲಂಡನ್‌ಗೆ ಒಂದು ವಿಮಾನ ನಾಲ್ಕು ತಾಸು 56 ನಿಮಿಷದಲ್ಲಿ ಬಂದು ಇಳಿದಿತ್ತು. ನಿಮ್ಮ ಗೆಳೆಯರನ್ನ ಪೂರ್ತಿ ತಪ್ಪು ಅಂತನೂ ಅನ್ನೋಕಾಗಲ್ಲ. ಬಿಸಿ ಇರೋ ಸಮಭಾಜಕದ ಕಡೆಯಿಂದ ಥಂಡಿ ಇರೋ ಧ್ರುವದ ಕಡೆಗೆ ಹೊರಟ ಗಾಳಿನ ಪೂರ್ವಕ್ಕೆ ತಿರುಗಿಸೋದು ಭೂಮಿಯ ಈ ಸುತ್ತಾಟನೇ, ಅಂದ್ರೆ ಭೂಮಿ ತಿರುಗಿ ಗಾಳಿನ ತಿರುಗಿಸುತ್ತೆ, ಗಾಳಿ ವಿಮಾನನ ನೂಕುತ್ತೆ.

ಪ್ರಶ್ನೆ: ನಾನು ಸೆಕೆಂಡ್ ಪಿಯು ಸೈನ್ಸ್ ಓದ್ತಿದೀನಿ, ಹೊಳಲ್ಕೆರೆ. ಎರಡು ಏರ್‌ಪೋರ್ಟ್ ನಡುವಿನ ದೂರನ ನಾವೇ ಲೆಕ್ಕ ಹಾಕ್ಬಹುದಾ? ಗೋಡೆ ಮ್ಯಾಪಲ್ಲಿ ಸ್ಕೇಲ್ ಇಟ್ಟು ಅಳೆದ್ರೆ ಇಂಟರ್‌ನೆಟ್‌ನಲ್ಲಿರೋದಕ್ಕೆ ಹೊಂದೋದೇ ಇಲ್ಲ.

ಉತ್ತರ: ತಮ್ಮಾ, ಈ ಪ್ರಶ್ನೆ ಓದಿ ಬಹಳ ಖುಷಿಯಾಯ್ತು. ಹೊಂದಲ್ಲ, ಯಾಕಂದ್ರೆ ದುಂಡಗಿರೋ ಭೂಮಿನ ಚಪ್ಪಟೆ ಕಾಗದದ ಮೇಲೆ ಹಾಸೋವಾಗ ಎಲ್ಲೋ ಒಂದು ಕಡೆ ಎಳೀಲೇಬೇಕು. ತುಂಬಾ ಗೋಡೆಗಳ ಮೇಲಿರೋ ಆ ಚೌಕದ ನಕ್ಷೆ 1569ರಲ್ಲಿ ಮರ್ಕೇಟರ್ ಅನ್ನೋರು ಹಡಗಿನವರಿಗೆ ಅಂತ ಮಾಡಿದ ಪದ್ಧತಿಯದು. ಅದರಲ್ಲಿ ದಿಕ್ಕು ಸರಿ ಬರುತ್ತೆ, ಅಳತೆ ಬರಲ್ಲ. ಹೆಲ್ಸಿಂಕಿ ಇರೋದು 60 ಡಿಗ್ರಿ ಉತ್ತರದಲ್ಲಿ, ಅಲ್ಲಿ ಎಲ್ಲಾ ಉದ್ದನೂ ಎರಡು ಪಟ್ಟು ಹಿಗ್ಗಿರುತ್ತೆ. ನಮ್ಮ ಕಡೆ ಒಂದು ಡಿಗ್ರಿ ರೇಖಾಂಶ ಅಂದ್ರೆ ಸುಮಾರು 108 ಕಿಲೋಮೀಟರ್, ಹೆಲ್ಸಿಂಕಿಯಲ್ಲಿ ಅದೇ ಒಂದು ಡಿಗ್ರಿ 55 ಕಿಲೋಮೀಟರ್ ಅಷ್ಟೇ, ಆದ್ರೆ ನಕ್ಷೆಯಲ್ಲಿ ಎರಡೂ ಒಂದೇ ಅಗಲ ಕಾಣುತ್ತೆ.

ಮೊದಲು ದಾರದಿಂದ ಅಳಿ. ನಿನ್ನ ಕಾಲೇಜಲ್ಲಿ ಗ್ಲೋಬ್ ಇದ್ದೇ ಇರುತ್ತೆ. ನಾನು ಈ ಉತ್ತರ ಬರೆಯೋಕೆ ಮುಂಚೆ ಮನೆಯಲ್ಲಿ ಹೂ ಕಟ್ಟೋ ದಾರ ತಗೊಂಡು, 30 ಸೆಂಟಿಮೀಟರ್ ಅಡ್ಡಳತೆಯ ಗ್ಲೋಬ್ ಮೇಲೆ ಲಿಸ್ಬನ್‌ನಲ್ಲಿ ಒಂದು ತುದಿ ಹೆಬ್ಬೆಟ್ಟಿಂದ ಒತ್ತಿ, ಇನ್ನೊಂದು ತುದಿನ ಹೆಲ್ಸಿಂಕಿಗೆ ಬಿಗಿಯಾಗಿ ಎಳೆದೆ. ದಾರ ತಾನಾಗೇ ಜಾರಿ ಒಂದು ಜಾಗದಲ್ಲಿ ಕೂರುತ್ತೆ, ಅದೇ ಅತಿ ಹತ್ತಿರದ ದಾರಿ, ಅದಕ್ಕೇ ಗ್ರೇಟ್ ಸರ್ಕಲ್ ಅನ್ನೋದು. ಸ್ಕೇಲ್ ಮೇಲೆ ಇಟ್ರೆ 8 ಸೆಂಟಿಮೀಟರ್‌ಗೆ ಒಂದು ಚೂರು ಕಮ್ಮಿ. ಭೂಮಿಯ ಅಡ್ಡಳತೆ 12,742 ಕಿಲೋಮೀಟರ್, ಗ್ಲೋಬಿಂದು 30 ಸೆಂಟಿಮೀಟರ್, ಹಂಗಾದ್ರೆ ಒಂದು ಸೆಂಟಿಮೀಟರ್‌ಗೆ ಹತ್ತಿರ ಹತ್ತಿರ 425 ಕಿಲೋಮೀಟರ್. ಎಂಟರಿಂದ ಗುಣಿಸಿದ್ರೆ 3,400. ಹೂವಿನ ದಾರಕ್ಕೆ ಇಷ್ಟು ಹತ್ತಿರ ಬಂದ್ರೆ ಸಾಕು. ಗೋಡೆ ಮ್ಯಾಪಲ್ಲಿ ನೀನು ಎಳೆದ ಗೆರೆಗಿಂತ ಗ್ಲೋಬಿನ ದಾರ ಸ್ವಲ್ಪ ಉತ್ತರಕ್ಕೆ ಬಾಗಿ ಹೋಗುತ್ತೆ, ಆಮ್‌ಸ್ಟರ್‌ಡ್ಯಾಮ್ ಹತ್ತಿರದಲ್ಲೇ ಹಾದು ಹೋಗುತ್ತೆ, ಅದನ್ನ ನೆನಪಿಟ್ಕೋ, ಮುಂದಿನ ಉತ್ತರದಲ್ಲಿ ಬೇಕಾಗುತ್ತೆ.

ಈಗ ಕ್ಯಾಲ್ಕುಲೇಟರ್ ತಗೋ, ಡಿಗ್ರಿ ಮೋಡ್‌ಗೆ ಹಾಕು, ರೇಡಿಯನ್‌ನಲ್ಲಿದ್ರೆ ಉತ್ತರ ಕೆಡುತ್ತೆ. ಲಿಸ್ಬನ್ ಏರ್‌ಪೋರ್ಟ್ ಇರೋದು 38.77 ಡಿಗ್ರಿ ಉತ್ತರ, 9.13 ಡಿಗ್ರಿ ಪಶ್ಚಿಮ. ಹೆಲ್ಸಿಂಕಿ 60.32 ಉತ್ತರ, 24.96 ಪೂರ್ವ. ಒಂದು ಪಶ್ಚಿಮ, ಇನ್ನೊಂದು ಪೂರ್ವ, ನಡುವೆ ಗ್ರೀನಿಚ್ ರೇಖೆ ಬರುತ್ತೆ, ಹಂಗಾಗಿ ರೇಖಾಂಶಗಳನ್ನ ಕೂಡಿಸಬೇಕು, ಕಳೀಬಾರ್ದು, 34.09 ಬರುತ್ತೆ. ತಪ್ಪಾಗೋದು ಬಹಳ ಸಲ ಇಲ್ಲೇ. ಆಮೇಲೆ ಎರಡು ಅಕ್ಷಾಂಶಗಳ ಸೈನ್ ಗುಣಿಸು, 0.544. ಎರಡು ಅಕ್ಷಾಂಶಗಳ ಕೊಸೈನ್ ಗುಣಿಸಿ ಅದನ್ನ 34.09ರ ಕೊಸೈನ್‌ನಿಂದ ಮತ್ತೆ ಗುಣಿಸು, 0.320 ಹತ್ತಿರ ಬರುತ್ತೆ. ಎರಡನ್ನೂ ಕೂಡಿಸಿ ಕಾಸ್ ಇನ್ವರ್ಸ್ ಒತ್ತಿದ್ರೆ 30.25 ಡಿಗ್ರಿ ಹತ್ತಿರ. ಭೂಮಿ ಮೇಲೆ ಒಂದು ಡಿಗ್ರಿಗೆ 111.2 ಕಿಲೋಮೀಟರ್, ಗುಣಿಸು, 3,365 ಹತ್ರ ಬಂದು ನಿಲ್ಲುತ್ತೆ. ದಶಾಂಶದಲ್ಲಿ ಎಷ್ಟು ಅಂಕಿ ಇಟ್ಕೊಂಡೆ ಅನ್ನೋದರ ಮೇಲೆ ಒಂದೆರಡು ಕಿಲೋಮೀಟರ್ ಆಚೆ ಈಚೆ ಆಗುತ್ತೆ, ಭೂಮಿ ಧ್ರುವದಲ್ಲಿ ಸ್ವಲ್ಪ ಅಮುಕಿದ ಹಂಗಿರೋದ್ರಿಂದ ಇನ್ನೂ ಕೆಲವು ಕಿಲೋಮೀಟರ್ ಫರಕು ಇರುತ್ತೆ, ಅದಕ್ಕೆ ತಲೆ ಕೆಡಿಸ್ಕೋಬ್ಯಾಡ. ಪೈಲಟ್‌ಗಳ ನಾಟಿಕಲ್ ಮೈಲಿ ಹುಟ್ಟಿದ್ದೂ ಇಲ್ಲಿಂದ್ಲೇ, ಒಂದು ಡಿಗ್ರಿಯಲ್ಲಿ 60 ಭಾಗ, ಒಂದು ಭಾಗಕ್ಕೆ ಒಂದು ನಾಟಿಕಲ್ ಮೈಲಿ, ಅಂದ್ರೆ 1.852 ಕಿಲೋಮೀಟರ್. 30.25ನ್ನ 60ರಿಂದ ಗುಣಿಸಿ ನೋಡು, 1,815 ಬರುತ್ತೆ.

ಪ್ರಶ್ನೆ: ಹರಿಹರದಿಂದ. ನಮ್ಮ ತಂಗಿ ಮನೆಯವ್ರೂ ಲಿಸ್ಬನ್‌ಗೆ ಹೋಗಿದಾರೆ, ಅಲ್ಲಿಂದ ಹೆಲ್ಸಿಂಕಿ ನೋಡ್ಕೊಂಡು ಮತ್ತೆ ಲಿಸ್ಬನ್‌ಗೆ ಬರ್ತಾರೆ. ನೇರ ವಿಮಾನ ಅವರ ದಿನಕ್ಕೆ ಸಿಕ್ಕಿಲ್ಲ. ಆಮ್‌ಸ್ಟರ್‌ಡ್ಯಾಮ್ ಮೇಲೆ ಒಂದು, ಇಸ್ತಾಂಬುಲ್ ಮೇಲೆ ಇನ್ನೊಂದು ತೋರಿಸ್ತಿದೆ, ಇಸ್ತಾಂಬುಲ್‌ದು ನಾಲ್ಕೈದು ಸಾವಿರ ಕಮ್ಮಿ. ಯಾವುದು ತಗೋಬೇಕು?

ಉತ್ತರ: ಆಮ್‌ಸ್ಟರ್‌ಡ್ಯಾಮ್. ನಾನಾಗಿದ್ರೆ ಎರಡನೇ ಯೋಚ್ನೆ ಮಾಡ್ತಿರ್ಲಿಲ್ಲ.

ದೂರ ನೋಡ್ರಿ ಮೊದಲು. ಲಿಸ್ಬನ್‌ನಿಂದ ಆಮ್‌ಸ್ಟರ್‌ಡ್ಯಾಮ್ ಸುಮಾರು 1,847 ಕಿಲೋಮೀಟರ್, ಅಲ್ಲಿಂದ ಹೆಲ್ಸಿಂಕಿ ಸುಮಾರು 1,522. ಕೂಡಿಸಿದ್ರೆ 3,369, ನೇರ ದಾರಿಗಿಂತ ಹತ್ತು ಕಿಲೋಮೀಟರ್ ಸಹ ಸುತ್ತಾಗಲ್ಲ. ಹೊಳಲ್ಕೆರೆ ಹುಡುಗನಿಗೆ ಹೇಳಿದ ಆ ದಾರ ಹತ್ತಿರದಲ್ಲೇ ಹಾದು ಹೋಗೋ ಊರೇ ಇದು. ಫ್ರಾಂಕ್‌ಫರ್ಟ್ ಮೇಲೆ ಹೋದ್ರೂ 50 ಕಿಲೋಮೀಟರ್ ಸುತ್ತು ಅಷ್ಟೇ. ಇಸ್ತಾಂಬುಲ್ ಮೇಲೆ ಹೋದ್ರೆ 3,210 ಮತ್ತು 2,130, ಒಟ್ಟು 5,340 ಕಿಲೋಮೀಟರ್, ಎರಡು ಸಾವಿರ ಕಿಲೋಮೀಟರ್ ಹೆಚ್ಚಿಗೆ. ಹರಿಹರದಿಂದ ಬೆಂಗಳೂರಿಗೆ ಹೋಗೋರು ಬಳ್ಳಾರಿ ಸುತ್ತಿ ಹೋದ ಹಂಗೆ.

ಇದಕ್ಕಿಂತ ದೊಡ್ಡ ವಿಷಯ ವೀಸಾದ್ದು, ಇದನ್ನ ದಯವಿಟ್ಟು ಇವತ್ತೇ ಅವರಿಗೆ ಫೋನ್ ಮಾಡಿ ಹೇಳ್ರಿ. ಪೋರ್ಚುಗಲ್, ನೆದರ್‌ಲೆಂಡ್ಸ್, ಫಿನ್ಲೆಂಡ್ ಮೂರೂ ಷೆಂಗನ್ ಒಳಗಿನ ದೇಶಗಳು, ಅಂದ್ರೆ ಒಂದೇ ವೀಸಾದಲ್ಲಿ ಓಡಾಡೋ ಯುರೋಪ್ ದೇಶಗಳ ಗುಂಪಿನವು. ಒಂದು ಸಲ ಲಿಸ್ಬನ್‌ನಲ್ಲಿ ಒಳಗೆ ಬಂದ ಮೇಲೆ ಈ ಊರುಗಳ ನಡುವೆ ಓಡಾಡೋದು ಒಂದೇ ಮನೆಯ ಕೋಣೆಯಿಂದ ಕೋಣೆಗೆ ಹೋದ ಹಂಗೆ, ಪಾಸ್‌ಪೋರ್ಟ್ ಜೊತೆಲಿರಬೇಕು, ಆದ್ರೆ ಸಾಮಾನ್ಯವಾಗಿ ಇಮಿಗ್ರೇಷನ್ ಸಾಲು ಇರಲ್ಲ. ಟರ್ಕಿ ಷೆಂಗನ್‌ನಲ್ಲಿಲ್ಲ. ಇಸ್ತಾಂಬುಲ್‌ಗೆ ವಿಮಾನ ಹತ್ತೋಕೆ ಲಿಸ್ಬನ್‌ನಲ್ಲೇ ಷೆಂಗನ್‌ನಿಂದ ಹೊರಗೆ ಹೋದ ಲೆಕ್ಕ ಆಗುತ್ತೆ, ಹೆಲ್ಸಿಂಕಿಯಲ್ಲಿ ಮತ್ತೆ ಹೊಸದಾಗಿ ಒಳಗೆ ಬರಬೇಕು, ವಾಪಸ್ ಬರೋವಾಗ್ಲೂ ಅದೇ ದಾರಿಯಾದ್ರೆ ಮತ್ತೊಂದು ಸಲ. ವೀಸಾ ಚೀಟಿ ಮೇಲೆ ಎಷ್ಟು ಸಲ ಪ್ರವೇಶ ಅನ್ನೋ ಜಾಗದಲ್ಲಿ 01 ಅಂತಿದ್ರೆ ಆ ಒಂದು ಸಲ ಲಿಸ್ಬನ್‌ಗೆ ಇಳಿದಾಗ್ಲೇ ಮುಗಿದಿರುತ್ತೆ. 02 ಇದ್ರೂ ಹೋಗೋಕೆ ಸರಿ, ಅದೇ ದಾರಿಯಲ್ಲಿ ವಾಪಸ್ ಬರೋಕೆ ಸಾಲಲ್ಲ. ಮಲ್ಟ್ (MULT), ಅಂದ್ರೆ ಹಲವು ಸಲ ಪ್ರವೇಶ ಅಂತ ಅಚ್ಚಾಗಿದ್ರೆ ಮಾತ್ರ ಚಿಂತೆ ಇಲ್ಲ. ಲಂಡನ್ ಮೇಲೆ ಹೋದ್ರೂ ಇದೇ ಕತೆ, ಬ್ರಿಟನ್ ಕೂಡ ಷೆಂಗನ್ ಹೊರಗೆ. ನಾಲ್ಕೈದು ಸಾವಿರ ಉಳ್ಸೋಕೆ ಹೋಗಿ ಗೇಟ್ ಹತ್ರ ನಿಂತ್ಕೊಳ್ಳೋ ಸ್ಥಿತಿ ಯಾರಿಗೂ ಬರಬಾರ್ದು.

ಆಮ್‌ಸ್ಟರ್‌ಡ್ಯಾಮ್ ಟಿಕೆಟ್ ತಗೊಳ್ಳೋವಾಗ ಎರಡೂ ವಿಮಾನ ಒಂದೇ ಬುಕಿಂಗ್‌ನಲ್ಲಿರಲಿ. ನಡುವೆ ಎರಡು ತಾಸಾದ್ರೂ ಇರಲಿ, ಆ ಏರ್‌ಪೋರ್ಟ್ ಬಹಳ ಉದ್ದ, ವಯಸ್ಸಾದವರಿಗೆ ನಡೆಯೋದೇ ಅರ್ಧ ತಾಸು. ಒಂದೇ ಬುಕಿಂಗ್ ಅಂತ ಯಾಕೆ ಹೇಳ್ದೆ ಅಂದ್ರೆ, ಮೊದಲ ವಿಮಾನ ತಡವಾಗಿ ಎರಡನೇದು ತಪ್ಪಿದ್ರೆ ಮುಂದಿನ ವಿಮಾನದಲ್ಲಿ ಕಳ್ಸೋದು ಏರ್‌ಲೈನ್‌ನವರ ಜವಾಬ್ದಾರಿ. ಬೇರೆ ಬೇರೆ ತಗೊಂಡಿದ್ರೆ ಹೊಸ ಟಿಕೆಟ್ ನೀವೇ ತಗೋಬೇಕು. ಇನ್ನೂ ಒಂದಿದೆ, ಯುರೋಪಿಯನ್ ಯೂನಿಯನ್‌ನ 2004ರ 261ನೇ ನಿಯಮ ಅಂತ. ಅದರ ಪ್ರಕಾರ ಕೊನೇ ಊರಿಗೆ ಮೂರು ತಾಸು ಅಥವಾ ಅದಕ್ಕಿಂತ ತಡ ಆದ್ರೆ, ಹವಾಮಾನದಂಥ ಕೈ ಮೀರಿದ ಕಾರಣ ಇಲ್ಲದಿದ್ರೆ, ಪರಿಹಾರ ಕೊಡಬೇಕು, ಪ್ರಯಾಣಿಕ ಯಾವ ದೇಶದವನಾದ್ರೂ ಸರಿ. 1,500 ಕಿಲೋಮೀಟರ್‌ವರೆಗೆ 250 ಯೂರೋ, ಯೂನಿಯನ್ ಒಳಗಿನ ಅದಕ್ಕಿಂತ ದೂರದ ಪ್ರಯಾಣಕ್ಕೆ 400. ದೂರನ ಅಳೆಯೋದು ಆ ಗ್ರೇಟ್ ಸರ್ಕಲ್ ದಾರದಿಂದ್ಲೇ. ವಿಮಾನ ಬದಲಾಯಿಸಿ ಹೋದ್ರೆ ಎರಡು ತುಂಡು ಕೂಡಿಸಬೇಕಾ ಅಂತ ಜಗಳ ಕೋರ್ಟಿಗೆ ಹೋಗಿತ್ತು, ರೋಮ್‌ನಿಂದ ಬ್ರಸೆಲ್ಸ್ ಮೇಲೆ ಹ್ಯಾಂಬರ್ಗ್‌ಗೆ ಹೋದವರದ್ದು, ಇಲ್ಲ, ಮೊದಲ ಊರಿಗೂ ಕೊನೇ ಊರಿಗೂ ನೇರ ದೂರ ಮಾತ್ರ ಲೆಕ್ಕ ಅಂತ ಅಲ್ಲಿನ ಕೋರ್ಟು 2017ರಲ್ಲಿ ಹೇಳ್ತು. ನಿಮ್ಮ ತಂಗಿಯವರ ದಾರಿ 1,500 ದಾಟಿರೋದ್ರಿಂದ ತಲೆಗೆ 400 ಯೂರೋ ಕೇಳೋ ಹಕ್ಕು ಅವರಿಗಿದೆ. ಬೋರ್ಡಿಂಗ್ ಪಾಸ್ ಬಿಸಾಕ್ಬ್ಯಾಡ್ರಿ ಅಂತ ಹೇಳ್ರಿ.

ಪ್ರಶ್ನೆ: ಯುರೋಪ್‌ನೊಳಗೇ ಇದಕ್ಕಿಂತ ಉದ್ದದ ವಿಮಾನ ಇದೆಯಾ? ಚಳ್ಳಕೆರೆ ಓದುಗ.

ಉತ್ತರ: ಇದೆ. ಹೆಲ್ಸಿಂಕಿಯಿಂದ್ಲೇ ಸ್ಪೇನ್‌ಗೆ ಸೇರಿದ ಗ್ರಾನ್ ಕನಾರಿಯಾ ದ್ವೀಪಕ್ಕೆ ಸುಮಾರು 4,700 ಕಿಲೋಮೀಟರ್, ಆರು ತಾಸಿನ ಮೇಲಿನ ದಾರಿ. ಆಡಳಿತ ಸ್ಪೇನ್‌ದು, ನೆಲ ನೋಡಿದ್ರೆ ಆಫ್ರಿಕಾ ದಡದ ಪಕ್ಕ. ಚಳಿಗಾಲದಲ್ಲಿ ಫಿನ್ಲೆಂಡ್‌ನವರು ಬಿಸಿಲು ಹುಡುಕ್ಕೊಂಡು ಅಲ್ಲಿಗೆ ಹೋಗ್ತಾರೆ, ಡಿಸೆಂಬರ್‌ನಲ್ಲಿ ಹೆಲ್ಸಿಂಕಿಗೆ ದಿನಕ್ಕೆ ಆರು ತಾಸು ಕೂಡ ಹಗಲು ಸಿಗಲ್ಲ.

ಈ ಪುಟ ಮುಗೀತಿರೋವಾಗ ವಿದ್ಯಾನಗರದ ಆ ತಾಯಿ ಮತ್ತೆ ಮೆಸೇಜ್ ಕಳ್ಸಿದ್ರು, ಅದನ್ನೂ ಸೇರಿಸ್ತಿದೀನಿ.

ಪ್ರಶ್ನೆ: ಮಗ ಏರ್‌ಪೋರ್ಟ್‌ಗೆ ಕರ್ಕೊಂಡು ಹೋಗೋಕೆ ಬರ್ತಾನೆ. ಅವನು ಎಷ್ಟು ಗಂಟೆಗೆ ಮನೆ ಬಿಡಬೇಕು? ನಾನು ಮುಟ್ಟೋ ಹೊತ್ತಿಗೆ ದೀಪ ಹಚ್ಚೋ ಹೊತ್ತು ಆಗಿರುತ್ತಾ?

ಉತ್ತರ: ಅಮ್ಮಾ, ಮಗನ ಫೋನ್‌ನಲ್ಲಿರೋದು ಹೆಲ್ಸಿಂಕಿ ಗಡಿಯಾರನೇ, ಟಿಕೆಟ್‌ನಲ್ಲಿರೋ 5.30 ಕೂಡ ಹೆಲ್ಸಿಂಕಿ ಗಡಿಯಾರದ್ದೇ, ಇಲ್ಲಿ ಏನೂ ಕೂಡಿಸೋದು ಕಳೆಯೋದು ಇಲ್ಲ. ಊರಿನ ಸೆಂಟ್ರಲ್ ಸ್ಟೇಷನ್‌ನಿಂದ ಏರ್‌ಪೋರ್ಟ್‌ಗೆ 2015ರಿಂದ ಟ್ರೈನ್ ಇದೆ, ಅರ್ಧ ತಾಸಿನ ದಾರಿ. ನೀವು ಇಳಿದು, ನಡೆದು, ಬ್ಯಾಗ್ ಬರೋವರೆಗೆ ಕಾಯ್ದು ಹೊರಗೆ ಬರೋಕೆ 6 ಗಂಟೆ ಆಗುತ್ತೆ, ಹಂಗಾಗಿ ಅವನು 5 ಗಂಟೆ ಟ್ರೈನ್ ಹತ್ತಿದ್ರೆ ಸಾಕು. ಉಪ್ಪಿನಕಾಯಿ ಬಾಟ್ಲಿ ಕೈಚೀಲದಲ್ಲಿ ಇಟ್ಕೋಬ್ಯಾಡ್ರಿ, ದೊಡ್ಡ ಬ್ಯಾಗಿಗೆ ಹಾಕ್ರಿ.

ದೀಪದ ವಿಷಯ ಕೇಳಿದ್ರಲ್ಲ. ಜೂನ್‌ನಲ್ಲಿ ಹೆಲ್ಸಿಂಕಿಯಲ್ಲಿ ಹತ್ತಿರ ಹತ್ತಿರ 19 ತಾಸು ಹಗಲು, ಹೊತ್ತು ಮುಳುಗೋದು ರಾತ್ರಿ 10.45 ದಾಟಿದ ಮೇಲೆ. ನೀವು ಮಗನ ರೂಮು ಮುಟ್ಟಿ, ಊಟ ಮುಗಿಸಿದ್ರೂ ಕಿಟಕಿಯಲ್ಲಿ ನಮ್ಮ ಕಡೆ ನಾಲ್ಕು ಗಂಟೆ ಬಿಸಿಲಿನ ಹಂಗೆ ಇರುತ್ತೆ. ಮುಳುಗೋವರೆಗೆ ಕಾಯೋಕೆ ಹೋಗ್ಬ್ಯಾಡ್ರಿ, ಅಲ್ಲಿ 6.30 ಆದಾಗ ದಾವಣಗೆರೆಯಲ್ಲಿ ರಾತ್ರಿ 9 ಆಗಿರುತ್ತೆ, ಮನೆಯವ್ರು ಎಚ್ಚರ ಇರ್ತಾರೆ, ಟ್ರೈನ್‌ನಲ್ಲಿ ಕೂತ ಕೂಡ್ಲೇ ಮೊದಲು ಅವರಿಗೆ ಒಂದು ಫೋನ್ ಹಚ್ರಿ.